ಮುಡಿ ಕೊಟ್ಟ ಮೇಲೆ

ನಮ್ಮ ಅವ್ವನ ಕಾಯಿಲೆಯನ್ನು ಮೊದಲು ಕಂಡವರು ವೈದ್ಯರಲ್ಲ, ಊಟಕ್ಕೆ ಬಂದ ನೆಂಟರು. ಅವರು ಅದನ್ನು ಕಾಯಿಲೆ ಎನ್ನಲಿಲ್ಲ, ಸೊಕ್ಕು ಎಂದರು.

ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಆ ದಿನ ದೊಡ್ಡ ಪಂಕ್ತಿ ಇತ್ತು. ಅವ್ವ ತೊವ್ವೆಯ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದು, ಕೊನೆಯಲ್ಲಿ ಗೋಡೆಗೆ ಒತ್ತಿ ಕುಳಿತಿದ್ದ ಕುಷ್ಟಗಿಯ ಹಿರಿಯರೊಬ್ಬರ ಎಲೆಯನ್ನು ಬಿಟ್ಟು ತಿರುಗಿ ಹೋದಳು. ಅನ್ನ ತಂದಾಗಲೂ ಹಾಗೆಯೇ ಮಾಡಿದಳು. ತುಪ್ಪಕ್ಕೂ ಹಾಗೆಯೇ ಆದಾಗ ಹಿರಿಯರು ಎಲೆಯ ಮುಂದಿನಿಂದ ಎದ್ದುಬಿಟ್ಟರು. "ವಕೀಲರ ಹೆಂಡತಿಗೆ ನಾವು ಕಾಣೂದಿಲ್ಲ ಬಿಡ್ರಿ," ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಅವ್ವನಿಗೆ ಅವರು ಕಂಡಿರಲಿಲ್ಲ. ಆದರೆ ನಮ್ಮ ಕಡೆಯ ಜನ ಎಲೆಯ ಮೇಲೆ ಅನ್ನ ಬೀಳದಿದ್ದರೆ ಅವಮಾನವನ್ನು ಮಾತ್ರ ಹುಡುಕುತ್ತಾರೆ, ಬೇರೆ ಕಾರಣ ಇರಬಹುದೆಂದು ಯೋಚಿಸುವ ಅಭ್ಯಾಸ ಅವರಿಗಿಲ್ಲ. ಅಪ್ಪ ಕುಷ್ಟಗಿಗೆ ಹೋಗಿ ಕ್ಷಮೆ ಕೇಳಿ ಬಂದರು. ಅವ್ವನನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಅವಳು ಬಾಗಿಲು ದಾಟುವಾಗ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದಳು. ಪಕ್ಕದಲ್ಲಿಟ್ಟ ಕೊಡವನ್ನು ಒದ್ದು ಉರುಳಿಸುತ್ತಿದ್ದಳು. ಹಣೆಯ ಹಿಂದೆ ನೋವು ಶುರುವಾದರೆ ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂರುತ್ತಿದ್ದಳು. ಒಂದು ವರ್ಷದವರೆಗೆ ನಮ್ಮ ಮನೆಯವರು ಪಿತ್ತ ಎಂಬ ಒಂದು ಶಬ್ದದ ಮೇಲೆ ಬದುಕಿದರು. ಯಲಬುರ್ಗಿಯಿಂದ ಒಬ್ಬರು ಬೇರು ತಂದುಕೊಟ್ಟರು, ಮಂಗಳೂರಿನಿಂದ ಇನ್ನೊಬ್ಬರು ಭಸ್ಮ ತಂದರು. ಅಪ್ಪ ಹುಬ್ಬಳ್ಳಿಯಿಂದ ಕನ್ನಡಕ ತರಿಸಿದರು. ಅವ್ವ ಎಲ್ಲವನ್ನೂ ತಿಂದಳು, ಹಚ್ಚಿಕೊಂಡಳು, ಹಾಕಿಕೊಂಡಳು.

ನಾನು ಪುಣೆಯಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದದ್ದು ಆ ವರ್ಷದ ಕೊನೆಗೆ. ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ನಾನು ಬಂಡಿಯಿಂದ ಇಳಿದು ಅವ್ವನ ಪಕ್ಕದಲ್ಲೇ ನಿಂತಿದ್ದೆ. ಅವಳು ಹಾದಿಯ ಕಡೆ ನೋಡುತ್ತ, "ಬಂಡಿ ಬಂತು, ಹುಡುಗಿ ಎಲ್ಲಿ?" ಎಂದಳು. ಎದುರಿಗೆ ಬಂದು ನಿಂತಾಗ ಮುಖ ಅರಳಿತು. ಅವಳಿಗೆ ಮುಂದಿನದು ಕಾಣುತ್ತಿತ್ತು, ಬದಿಯದು ಕಾಣುತ್ತಿರಲಿಲ್ಲ. ಒಂದು ವರ್ಷ ಒಂದೇ ಮನೆಯಲ್ಲಿದ್ದವರಲ್ಲಿ ಒಬ್ಬರಾದರೂ ಇಷ್ಟನ್ನು ಗಮನಿಸಬಹುದಿತ್ತು.

ಹೊಸಪೇಟೆಯಲ್ಲಿ ಒಬ್ಬ ಕಣ್ಣಿನ ವೈದ್ಯರಿದ್ದರು. ಅವರು ಪರೀಕ್ಷಿಸಿ, ದೋಷ ಕಣ್ಣಿನದಲ್ಲ, ತಲೆಯ ಒಳಗಿನದು, ಮದರಾಸಿನಲ್ಲಿ ತಲೆಯನ್ನು ತೆರೆದು ಶಸ್ತ್ರಕ್ರಿಯೆ ಮಾಡುವ ಸರ್ಜನ್ನರಿದ್ದಾರೆ, ತಡ ಮಾಡಬೇಡಿ ಎಂದರು. ಅಪ್ಪ, ಅವ್ವ, ನಾನು ಮೂವರೂ ಮದರಾಸಿಗೆ ಹೋದೆವು.

ಅಲ್ಲಿ ಅವ್ವನನ್ನು ಒಂದು ಕಪ್ಪು ಬಟ್ಟೆಯ ಎದುರು ಕೂರಿಸಿದರು. ನಡುವಿನ ಒಂದು ಗುರುತನ್ನೇ ನೋಡುತ್ತಿರಬೇಕು. ಕಡ್ಡಿಯ ತುದಿಗೆ ಚುಚ್ಚಿದ ಸಣ್ಣ ಬಿಳಿ ಗುಂಡನ್ನು ಬದಿಯಿಂದ ನಿಧಾನವಾಗಿ ತರುತ್ತಾರೆ. ಕಂಡ ಕೂಡಲೇ ಹೇಳಬೇಕು. ಅವ್ವ ಬಹಳ ಹೊತ್ತು ಸುಮ್ಮನಿದ್ದು, ಗುಂಡು ನಡುವಿನ ಗುರುತಿನ ಹತ್ತಿರಕ್ಕೇ ಬಂದಾಗ "ಹಾಂ" ಎನ್ನುತ್ತಿದ್ದಳು. ಎಡಗಣ್ಣಿಗಂತೂ ಅದು ನಡುವಿಗೆ ಬಂದರೂ ಮಸುಕೇ. ತಲೆಯ ಎಕ್ಸ್‌ರೇ ತೆಗೆದರು. ಆಮೇಲೆ ಸರ್ಜನ್ನರು ಒಂದು ಪ್ರಶ್ನೆ ಕೇಳಿದರು. ತಿಂಗಳ ಮುಟ್ಟಿನ ಬಗ್ಗೆ, ಹೆಂಗಸರನ್ನು ಹೆಂಗಸರು ಮಾತ್ರ ಕೇಳುವಂಥ ಪ್ರಶ್ನೆ. ಅಪ್ಪನ ಕಚೇರಿಯಲ್ಲಿ ನಡೆಯುತ್ತಿದ್ದದ್ದು ಉರ್ದು, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕಾದವಳು ನಾನೇ. ನಾನು ಅವ್ವನ ಕಿವಿಯಲ್ಲಿ ಕೇಳಿದೆ, ಅವಳು ಗೋಡೆಗೆ ಉತ್ತರ ಹೇಳಿದಳು. ಅಪ್ಪ ಕಿಟಕಿಯ ಹತ್ತಿರ ಹೋಗಿ ಬೀದಿಯನ್ನು ಬಹಳ ಆಸಕ್ತಿಯಿಂದ ನೋಡಿದರು.

ಸರ್ಜನ್ನರು ಹೇಳಿದ್ದು ಕಷ್ಟದ ಮಾತೇನಲ್ಲ. ಮೆದುಳಿನ ತಳದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಕಡೆ ಗಡ್ಡೆಯೊಂದು ಬೆಳೆದಿದೆ. ಸುಮ್ಮನಿದ್ದರೆ ಒಂದು ವರ್ಷದೊಳಗೆ ಪೂರ್ತಿ ಕುರುಡು. ಶಸ್ತ್ರಕ್ರಿಯೆ ಮಾಡಿದರೆ ಈಗ ಇರುವ ದೃಷ್ಟಿ ಉಳಿಯಬಹುದು. ಹೋಗಿರುವುದು ತಿರುಗಿ ಬರುತ್ತದೆಂದು ಎಣಿಸಬೇಡಿ. ಮೇಜಿನ ಮೇಲೆಯೇ ಜೀವ ಹೋಗುವ ಸಂಭವವೂ ಇದೆ, ಅದು ಸಣ್ಣ ಸಂಭವವಲ್ಲ. ಮಂಚ ಖಾಲಿಯಾಗಲು ಒಂದು ತಿಂಗಳಾಗುತ್ತದೆ, ಊರಿಗೆ ಹೋಗಿ ಮನೆಯವರೊಡನೆ ಮಾತಾಡಿ ಬನ್ನಿ. ತಲೆಯನ್ನು ಪೂರ್ತಿ ಬೋಳಿಸಬೇಕಾಗುತ್ತದೆ.

ಇಷ್ಟನ್ನೂ ನಾನು ಹೆಚ್ಚು ಕಡಿಮೆ ಮಾಡದೆ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿ ಕೇಳಿದರು. ಹೊರಗೆ ಬಂದ ಮೇಲೆ, "ಡಾಕ್ಟರು ಹಂಗ ಹೆದರಸ್ತಾರವ್ವಾ. ನಾಳೆ ಏನರೆ ಆದರ ತಮ್ಮ ಮ್ಯಾಲ ಬರಬಾರದು ಅಂತ," ಎಂದರು. ಅಪ್ಪ ಕೊಪ್ಪಳದ ಕಚೇರಿಯಲ್ಲಿ ವಕೀಲರು. ಗೆಲ್ಲುವ ಮೊಕದ್ದಮೆಯನ್ನೂ ಮೊದಲು ಸೋಲುತ್ತದೆ ಎಂದೇ ಹೇಳಿ, ಗೆದ್ದ ದಿನ ಕಕ್ಷಿದಾರನಿಂದ ಕೈಮುಗಿಸಿಕೊಳ್ಳುವುದು ಅವರ ಪದ್ಧತಿ. ಸರ್ಜನ್ನರೂ ತಮ್ಮಂಥವರೇ ಎಂದು ಅವರು ತಿಳಿದರು. ಜೀವಮಾನವೆಲ್ಲ ಮಾತು ತಿರುಚಿದವರಿಗೆ ನೇರವಾದ ಮಾತು ಕೇಳಿಸುವುದಿಲ್ಲ ಎಂಬುದನ್ನು ನಾನು ಕಲಿತದ್ದು ಮದರಾಸಿನ ಆ ಆಸ್ಪತ್ರೆಯ ಮೆಟ್ಟಿಲ ಮೇಲೆ.

ಊರಿಗೆ ಬಂದ ಮೇಲೆ ಅಪ್ಪ ಮೊದಲು ಭೇಟಿಗೆ ಬಂದವರಿಗೆ, "ಆಪರೇಶನ್ ಆದರ ಕಣ್ಣು ಉಳೀಬಹುದು ಅಂದಾರ," ಎಂದರು. ಎರಡನೆಯವರಿಗೆ, "ಕಣ್ಣು ಉಳೀತಾವಂತ," ಎಂದರು. ಸಂಜೆಯ ಹೊತ್ತಿಗೆ ಅದು "ಕಣ್ಣು ಬರ್ತಾವಂತ" ಆಗಿತ್ತು. ಗಂಗಾವತಿಯಿಂದ ಕಾಕಾ ಬರುವ ಹೊತ್ತಿಗೆ ಅವ್ವನಿಗೆ ನನಗಿಂತ ಚೆನ್ನಾಗಿ ಕಾಣುವುದೆಂದು ತೀರ್ಮಾನವಾಗಿತ್ತು. ನಾನು ತಿದ್ದಿದರೆ ಎಲ್ಲರೂ ನನ್ನನ್ನು ಅಪಶಕುನ ನುಡಿದವಳಂತೆ ನೋಡುತ್ತಿದ್ದರು. ಅವರ ಆಸೆಯಲ್ಲಿ ಅವ್ವನ ಬಗೆಗಿನ ಅಕ್ಕರೆ ಎಷ್ಟಿತ್ತೋ ನಾನು ಹೇಳಲಾರೆ. ಕೆಟ್ಟ ಸುದ್ದಿಯ ಎದುರು ಒಂದು ಗಳಿಗೆಯೂ ಕೂರಲಾರದ ಸೋಮಾರಿತನ ಅದರಲ್ಲಿ ಬಹಳವಿತ್ತು.

ಕಾಕಾ ಅಪ್ಪನ ತಮ್ಮ. ಗಂಗಾವತಿಯ ಕಾಲುವೆಯ ಬದಿಗೆ ಗದ್ದೆ ಇದ್ದವರು. ಎಲ್ಲದಕ್ಕೂ ಉಪಾಯ ಹುಡುಕುವವರೆಂದು ಮನೆತನದಲ್ಲಿ ಹೆಸರಾಗಿದ್ದರು. ಅತ್ತಿಗೆಯಾದ ಅವ್ವನನ್ನು ವೈನಿ ಎಂದೂ ನನ್ನನ್ನು ಬಿ.ಎ. ಬಾಯಾರು ಎಂದೂ ಕರೆಯುತ್ತಿದ್ದರು.

"ಏನಂತಾರ ನಮ್ಮ ಬಿ.ಎ. ಬಾಯಾರು? ಕಣ್ಣು ಬರೂದಿಲ್ಲಂತೇನು?"

"ನಾ ಅಂದದ್ದಲ್ಲ ಕಾಕಾ. ಸರ್ಜನ್ನರು ಅಂದದ್ದು."

"ಅವರು ಇಂಗ್ಲಿಷಿನ್ಯಾಗ ಅಂದಿರ್ತಾರ. ನಿನಗ ತಿಳಿದಿರೂದಿಲ್ಲ ಬಿಡು," ಎಂದು ತಾವೇ ನಕ್ಕರು.

ಮನೆಯವರೆಲ್ಲರ ನಡುವೆ ನಿಜವಾದ ಗದ್ದಲ ಎದ್ದದ್ದು ಮೆದುಳಿನ ಬಗ್ಗೆ ಅಲ್ಲ, ಕೂದಲಿನ ಬಗ್ಗೆ. ತಲೆಬುರುಡೆ ತೆರೆಯುತ್ತಾರೆ ಎಂದಾಗ ಯಾರೂ ಅಷ್ಟು ಬೆಚ್ಚಲಿಲ್ಲ. ಅದಕ್ಕೆ ಮೊದಲು ತಲೆ ಬೋಳಿಸುತ್ತಾರೆ ಎಂದಾಗ ಮನೆಯೇ ಎದ್ದು ನಿಂತಿತು. ನಮ್ಮಲ್ಲಿ ಗಂಡ ಸತ್ತ ಹೆಂಗಸಿಗೆ ತಲೆ ಬೋಳಿಸುತ್ತಾರೆ. ನಮ್ಮ ಮನೆಯಲ್ಲೇ ಅಪ್ಪನ ಅಕ್ಕ, ನಮ್ಮ ಅತ್ಯಾ, ಹಾಗೆ ಇದ್ದರು. ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾಗಿ, ಕೆಂಪು ಸೀರೆಯ ಸೆರಗನ್ನು ತಲೆಗೆ ಬಿಗಿದುಕೊಂಡು ಅಂದಿನಿಂದ ಅಡಿಗೆಮನೆಯನ್ನು ಆಳಿಕೊಂಡಿದ್ದವರು. ಗಂಡ ಬದುಕಿರುವಾಗ ಸೊಸೆಯ ತಲೆ ಬೋಳಿಸುವುದೆಂದರೆ ಗಂಡನ ಸಾವನ್ನು ಕರೆದಂತೆ ಎಂದು ಎಲ್ಲರೂ ಅಂದರು. ಬದುಕಿದ್ದ ಗಂಡನೂ ಅಂದರು. ಅಪ್ಪನಿಗೆ ಜ್ಯೋತಿಷ್ಯದಲ್ಲಿ ನಂಬಿಕೆ ಇಲ್ಲವೆಂದು ಕಚೇರಿಯಲ್ಲಿ ಖ್ಯಾತಿ ಇತ್ತು. ತಮ್ಮ ಆಯುಷ್ಯದ ಪ್ರಶ್ನೆ ಬಂದಾಗ ಆ ಖ್ಯಾತಿಯನ್ನು ಕೋಟಿನೊಡನೆ ಗೂಟಕ್ಕೆ ತೂಗುಹಾಕಿದರು.

ಕಾಕಾ ಉಪಾಯ ಹುಡುಕಿದರು. "ದವಾಖಾನ್ಯಾಗ ಬೋಳಿಸಿದರ ತಾನ ಕೇಡು? ಹರಕಿ ಹೊತ್ತು ದೇವಿಗೆ ಮುಡಿ ಕೊಟ್ಟರ ಅದು ಪುಣ್ಯ. ಹಿಟ್ನಾಳದ ಆಚೆ ಹೊಳಿ ದಂಡಿಗೆ ದೇವಿ ಇದ್ದಾಳ. ವೈನಿ ಅಲ್ಲಿ ಮುಡಿ ಕೊಡಲಿ. ಬೋಳು ತಲಿ ತಗೊಂಡ ಮದರಾಸಿಗೆ ಹೋಗಲಿ. ಅವರಿಗೆ ಬೋಳಿಸೂ ಕೆಲಸನ ಉಳಿಯೂದಿಲ್ಲ."

ಅತ್ಯಾ ಒಳಗಿನಿಂದಲೇ ಕೇಳಿದರು: "ನಮ್ಮನಿ ದೇವರು ಬೆಟ್ಟದ ಮ್ಯಾಲ ಇದ್ದಾನ. ಹೊಳಿ ದಂಡಿ ದೇವಿಗೆ ಯಾಕೋ ಕೊಡಸ್ತೀ?"

"ಅಕ್ಕಾ, ವೈನಿಗೆ ಬೆಟ್ಟ ಹತ್ತೂ ಶಕ್ತಿ ಅದನೇನು? ಹತ್ತರಿದ್ದ ದೇವರು ದೂರಿದ್ದ ದೇವರಿಗೆ ಹೇಳ್ತಾರ ಬಿಡು."

ಈ ತರ್ಕಕ್ಕೆ ಮನೆಯವರೆಲ್ಲ ತಲೆದೂಗಿದರು. ನಾನೂ ಅಡ್ಡ ಬರಲಿಲ್ಲ. ಕೂದಲು ಯಾರಿಗೆ ಹೋದರೂ ಅವ್ವ ಮದರಾಸಿಗೆ ಹೋದರೆ ಸಾಕಾಗಿತ್ತು. ಕೊಟ್ಟ ಹರಕೆಗೆ ಅವರು ಪ್ರತಿಫಲವನ್ನೂ ಕೂಡಲೇ ವಸೂಲು ಮಾಡುತ್ತಾರೆಂದು ನನಗೆ ಹೊಳೆಯಲಿಲ್ಲ.

ಸವಾರಿ ಬಂಡಿ ಕಟ್ಟಿಕೊಂಡು ಹೋದೆವು. ಅತ್ಯಾ ಬರಲಿಲ್ಲ. ಹೊಳೆಯ ದಂಡೆಯಲ್ಲಿ ಮುಡಿ ತೆಗೆಯುವ ಕ್ಷೌರಿಕ ಅವ್ವನ ಹಣೆಯ ಕುಂಕುಮವನ್ನೂ ಕೊರಳಿನ ತಾಳಿಯನ್ನೂ ನೋಡಿ ಕತ್ತಿಯನ್ನು ಕೆಳಗಿಟ್ಟ.

"ಯಜಮಾನರು ಎಲ್ಲಿ ಅದಾರ್ರಿ?"

"ಇಲ್ಲೇ ನಿಂತಾರ ನೋಡು," ಎಂದರು ಕಾಕಾ.

"ಮತ್ತ ಮುತ್ತೈದಿ ತಲಿ ಪೂರಾ ತೆಗಿ ಅಂತೀರಲ್ರೀ. ಮೂರು ಬೆರಳಷ್ಟು ಕೂದಲ ಕೊಡಸ್ರಿ, ದೇವಿಗೆ ಸಾಕಾಗತೈತಿ."

"ಮೂರು ಬೆರಳು ಅಲ್ಲೋ, ಪೂರಾ ಹರಕಿ ಐತಿ." ಕಾಕಾ ಅವನಾಡುವ ಧಾಟಿಯಲ್ಲೇ ಹೇಳಿದರು.

"ಅಂಥಾದ್ದು ಏನಾಗೈತ್ರಿ ಇವರಿಗೆ?"

"ತಲಿನೋವು."

"ತಲಿನೋವಿಗೆ ಇಷ್ಟ ಮಾಡ್ತೀರೇನ್ರಿ? ನಮ್ಮಾಕಿಗೂ ವಾರಕ್ಕೊಮ್ಮೆ ಬರತೈತಿ. ಸುಂಠಿ ತೇದು ಹಚ್ಚತೀನಿ."

ಅವ್ವ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ. "ನನ್ನ ತಲಿಯೊಳಗ ಸುಂಠಿ ಮುಟ್ಟದ ಜಾಗದಾಗ ನೋವದ ತಮ್ಮಾ. ಮನಿಯವರು ಇಲ್ಲೇ ನಿಂತಾರ, ಅವರೆದುರಿಗೇ ತೆಗಿ. ಪಾಪ ನಿನಗ ಹತ್ತೂದಿಲ್ಲ," ಎಂದಳು. ಅವನು ಆದರೂ ಒಪ್ಪಲಿಲ್ಲ. ಗಂಡನೇ ತನ್ನ ಕೈಯಾರೆ ಕುಂಕುಮ ಹಚ್ಚಿ 'ತೆಗಿ' ಎನ್ನಬೇಕು, ಅದಕ್ಕೆ ನಾಲ್ಕು ಜನರ ಸಾಕ್ಷಿ ಇರಬೇಕು ಎಂದ. ಅಪ್ಪ ನಾಲ್ಕು ಜನರ ಎದುರು ಹೆಂಡತಿಯ ಹಣೆ ಮುಟ್ಟಿದವರಲ್ಲ. ಬೆರಳಿನಲ್ಲಿ ಕುಂಕುಮ ಹಿಡಿದುಕೊಂಡು ಸುತ್ತ ನೋಡಿದರು. ಅವ್ವ ಎದುರಿಗಿದ್ದ ಅವರ ಮುಖವನ್ನೇ ನೋಡುತ್ತ ಕಾದಳು. ಕೊನೆಗೆ ಅಪ್ಪ ಹಣೆಯ ನಡುವಿಗೆ ಬದಲಾಗಿ ಹುಬ್ಬಿನ ಮೇಲೆ ಹಚ್ಚಿ, 'ತೆಗಿ' ಎಂದು ಹಿಂದೆ ಸರಿದರು.

ಕೂದಲು ಒದ್ದೆ ಕಲ್ಲಿನ ಮೇಲೆ ಬಿತ್ತು. ಕಿವಿಯ ಹಿಂದೆ ಅವಳಿಗೊಂದು ಹಳೆಯ ಗಾಯದ ಗುರುತಿತ್ತು. ಅದನ್ನು ಮೊದಲ ಸಲ ನೋಡಿದೆ. ಅಪ್ಪನೂ ಮೊದಲ ಸಲವೇ ನೋಡಿರಬೇಕು.

ಮನೆಗೆ ಬಂದಾಗ ಅತ್ಯಾ ನಡುಮನೆಯ ಬಾಗಿಲಲ್ಲಿ ನಿಂತಿದ್ದರು. ಬಹಳ ಹೊತ್ತು ಅವ್ವನ ತಲೆಯನ್ನು ನೋಡಿದರು.

"ಪುಣ್ಯ ಬಂತೇನು?" ಎಂದು ಕಾಕಾನನ್ನು ಕೇಳಿದರು. "ನನ್ನ ತಲಿ ಬೋಳಿಸೂವಾಗ ಯಾರೂ ಹರಕಿ ಅಂತ ಹೆಸರಿಡಲಿಲ್ಲ. ಆವಾಗ ನೀನು ಹುಟ್ಟಿರಲಿಲ್ಲ ನೋಡು, ಉಪಾಯ ಹೇಳಲಿಕ್ಕೆ."

ಕಾಕಾ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದರು. ಅತ್ಯಾ ಅವ್ವನನ್ನು ಒಳಗೆ ಕರೆದೊಯ್ದು ಕೂರಿಸಿ, ಉರಿಯುತ್ತಿದ್ದ ನೆತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿದರು. "ಮೊದಲ ಸಲ ಉರೀತದ. ಗಾಳಿಗೆ ನಿಲ್ಲಬ್ಯಾಡ," ಎಂದರು. ಅವ್ವನಿಗೆ ಅವರು ಇಪ್ಪತ್ತೈದು ವರ್ಷದಲ್ಲಿ ಹೇಳಿದ ಮೊದಲ ಮೆತ್ತನೆಯ ಮಾತು ಇದೇ ಇರಬೇಕು.

ಮರುದಿನ ಅವ್ವನಿಗೆ ತಲೆ ನೋಯಲಿಲ್ಲ. ಅದರ ಮರುದಿನವೂ ನೋಯಲಿಲ್ಲ. ಈ ನೋವು ಮೊದಲಿನಿಂದಲೂ ಹಾಗೆಯೇ, ವಾರ ಕಾಡಿ ನಾಲ್ಕು ದಿನ ಬಿಡುತ್ತಿತ್ತು. ಆದರೆ ಹರಕೆ ಕೊಟ್ಟ ಮೇಲೆ ಬಿಟ್ಟದ್ದಕ್ಕೆ ಬೇರೆ ಅರ್ಥ ಬಂತು. ಕಾಕಾ ಪಡಸಾಲೆಯಲ್ಲಿ ಜನ ಸೇರಿಸಿ ಅವ್ವನನ್ನು ಕಂಬದ ಹತ್ತಿರ ಕೂರಿಸಿದರು. ತಾವು ಎದುರಿಗೆ ನಿಂತು ಕೈ ಎತ್ತಿದರು.

"ವೈನಿ, ಎಷ್ಟು ಬೆರಳು ಹೇಳ್ರಿ?"

"ಮೂರು."

"ಈಗ?"

"ಎರಡು. ಒಂದಕ್ಕ ಉಂಗುರ ಅದ."

ಪಡಸಾಲೆ ತುಂಬ ಉದ್ಗಾರ ಎದ್ದಿತು. ಒಬ್ಬಾಕೆ ಕಣ್ಣು ಒರೆಸಿಕೊಂಡಳು. ಉಂಗುರವೂ ಕಂಡಿತಂತೆ! ಎದುರಿನ ಬೆರಳು ಅವಳಿಗೆ ನಿನ್ನೆಯೂ ಕಾಣುತ್ತಿತ್ತು, ಕಳೆದ ವರ್ಷವೂ ಕಾಣುತ್ತಿತ್ತು. ಅಪ್ಪನಿಗೆ ಅದು ಗೊತ್ತಿತ್ತು. ಕಪ್ಪು ಬಟ್ಟೆಯ ಮುಂದೆ ಗುಂಡು ಬದಿಯಿಂದ ಬಂದದ್ದನ್ನು ಅವರು ನನ್ನ ಜೊತೆಯೇ ನಿಂತು ನೋಡಿದ್ದರು. ನಾನು ಅವ್ವನ ಎಡಬದಿಗೆ ಹೋಗಿ ನಿಂತು ಕೈಯನ್ನು ಅವಳ ಕಿವಿಯ ಸಮಕ್ಕೆ ಎತ್ತಿ ಹಿಡಿದೆ. ಅವ್ವನ ಮುಖ ಕದಲಲಿಲ್ಲ. ಅಪ್ಪ ನನ್ನ ಕೈಯನ್ನು ನೋಡಿದರು, ಅವ್ವನ ಮುಖವನ್ನು ನೋಡಿದರು, ಆಮೇಲೆ ಕಾಕಾನ ಕಡೆ ತಿರುಗಿ, "ಛಲೋ ಆತು," ಎಂದರು.

ಸಂಜೆ ಅವರು ನನ್ನನ್ನು ಕರೆದು, ಈಗಲೇ ಮದರಾಸಿಗೆ ಹೋಗುವುದು ಬೇಡ, ಎರಡು ತಿಂಗಳು ನೋಡೋಣ, ಬರುವುದಿಲ್ಲವೆಂದು ಆಸ್ಪತ್ರೆಗೆ ತಂತಿ ಕೊಡುತ್ತೇನೆ ಎಂದರು.

"ಎರಡು ತಿಂಗಳಿಗೆ ಏನು ನೋಡೂದದ?" ಎಂದೆ.

"ದೇವಿ ಕೃಪಾ ಆದರ ಕೊಯ್ಯೂದ ತಪ್ಪಬಹುದಲ್ಲ."

"ಆಗದಿದ್ದರ?"

"ಆವಾಗ ಹೋದರಾತು."

"ಆವಾಗ ಉಳಿಸಿಕೊಳ್ಳಲಿಕ್ಕೆ ಇಷ್ಟೂ ಉಳಿದಿರೂದಿಲ್ಲ."

ಅಪ್ಪ ನನ್ನನ್ನು ಗದರಿಸಲಿಲ್ಲ. ಕಚೇರಿಯಲ್ಲಿ ತಮಗೆ ಒಲ್ಲದ ಮೊಕದ್ದಮೆಗೆ ವಾಯಿದೆ ಕೇಳುವಾಗ ಬರುವ ಒಂದು ಸಮಾಧಾನದ ಮುಖ ಅವರಿಗಿತ್ತು, ಅದನ್ನು ನನಗೂ ತೋರಿಸಿದರು. ವಾಯಿದೆ ಸಿಕ್ಕಷ್ಟು ದಿನ ಯಾರೂ ಸೋತಿರುವುದಿಲ್ಲ. ನಾನು ಆಗ ಅವರನ್ನು ಎಷ್ಟು ಹಗುರವಾಗಿ ಕಂಡೆನೆಂಬುದನ್ನು ಬರೆಯುವ ಅಗತ್ಯವಿಲ್ಲ. ಅವರಿಗೆ ಅವ್ವ ಸಾಯುವ ಭಯ ಇತ್ತು. ಅದನ್ನು ಭಯವೆಂದು ಹೇಳಿದ್ದರೆ ನಾನು ಗೌರವಿಸುತ್ತಿದ್ದೆ. ಅವರು ಅದಕ್ಕೆ ಭಕ್ತಿ ಎಂದು ಹೆಸರು ಕೊಟ್ಟರು.

ಮರುದಿನ ಮಧ್ಯಾಹ್ನ ಅವ್ವ ಹಿತ್ತಲ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕುಳಿತಿದ್ದಳು. ಬುಟ್ಟಿಯನ್ನು ಕಣ್ಣಿನ ನೇರಕ್ಕೆ, ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ನಾನು ಎದುರಿಗೆ ಕುಳಿತೆ.

"ಆ ಡಾಕ್ಟರು ನಿನಗ ಹೇಳಿದ್ದು, ನೀ ಇವರಿಗೆ ಹೇಳಿದ್ದು ಒಂದ ಏನು?" ಎಂದಳು.

"ಒಂದ."

"ಹಂಗಾರ ಇವರೆಲ್ಲಾ ಬ್ಯಾರೆ ಯಾಕ ಹೇಳ್ಕೋತ ಅಡ್ಡಾಡ್ತಾರ?"

"ಅವರಿಗೆ ಬೇಕಾದ್ದು ಕೇಳಸ್ತದ."

"ನನಗ ಬೇಕಾದ್ದು ಯಾರೂ ಕೇಳಿಲ್ಲ. ನೀನೂ ಕೇಳಿಲ್ಲ. ನನಗ ಹೇಳು, ಇದ್ದದ್ದು ಇದ್ದಂಗ."

ನಾನು ಹೇಳಿದೆ. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಯಬಹುದು, ಉಳಿಯದೆಯೂ ಇರಬಹುದು, ಎಡಗಣ್ಣಿನ ಮೇಲೆ ಭರವಸೆ ಇಡಬಾರದು, ಜೀವಕ್ಕೇ ಅಪಾಯ ಇದೆ. ಪುಣೆಯಲ್ಲಿ ಪರೀಕ್ಷೆಗೆ ಉತ್ತರ ಒಪ್ಪಿಸುವಂತೆ ಹೇಳಿದೆ. ಬೇರೆ ರೀತಿಯಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ. ಅವ್ವ ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಈಗಿರೂವಷ್ಟು ಉಳಿದರ ನನಗ ಸಾಕು," ಎಂದಳು. "ದೊಡ್ಡ ಆಸೆ ಇವರು ಇಟ್ಟುಕೊಳ್ಳಲಿ. ನನಗ ನಾಳೆ ಬಚ್ಚಲಕ್ಕ, ಹಿತ್ತಲಕ್ಕ ಯಾರದರೆ ಕೈ ಹಿಡಕೊಂಡು ಹೋಗೂ ಪಾಳಿ ಬರಬಾರದು. ಒಬ್ಬಾಕಿನ ಹೋಗಿ ಒಬ್ಬಾಕಿನ ಬರಬೇಕು. ಅಷ್ಟ. ಅದಾಗೂದಿಲ್ಲಂದರ ಆ ಮೇಜಿನ ಮ್ಯಾಲ ಹೋದರೂ ನನಗ ಬ್ಯಾಸರಿಲ್ಲ."

ನಾನೂ ಬುಟ್ಟಿಯಿಂದ ಒಂದು ಹಣ್ಣು ತೆಗೆದುಕೊಂಡು ಬೀಜ ಬಿಡಿಸತೊಡಗಿದೆ.

"ದೇವಿಗೆ ಕೂದಲ ಕೊಟ್ಟೇನಿ," ಎಂದಳು. "ತಲಿ ಕೊಟ್ಟಿಲ್ಲ. ತಲಿ ಇನ್ನೂ ನಂದ ಅದ. ಹೋಗು, ನಿಮ್ಮತ್ಯಾನ್ನ ಕರಿ. ತಲಿಗೆ ಎಣ್ಣಿ ಹಚ್ಚಲಿಕ್ಕೆ ಬೇಕಂತ ಹೇಳು."

ಅತ್ಯಾ ಎಣ್ಣೆಯ ಗಿಂಡಿ ಹಿಡಿದು ಬಂದರು. ಅವ್ವನ ನೆತ್ತಿಯ ಮೇಲೆ ಅಂಗೈ ಆಡಿಸಿದವರು ಅಲ್ಲೇ ನಿಲ್ಲಿಸಿದರು. ಮತ್ತೆ ಹಿಂದಿನಿಂದ ಮುಂದಕ್ಕೆ ಆಡಿಸಿದರು.

"ಆಗಲೇ ಮುಳ್ಳು ಬರಲಿಕ್ಕತ್ಯಾವ," ಎಂದರು.

"ಬರ್ತಾವಲ್ಲಕ್ಕಾ," ಎಂದಳು ಅವ್ವ. "ಎರಡು ತಿಂಗಳು ಬಿಟ್ಟು ಹೋದರ ಬೆರಳುದ್ದ ಬಂದಿರ್ತಾವ. ಆವಾಗ ದವಾಖಾನ್ಯಾಗ ಮತ್ತ ತೆಗೀತಾರ. ಅದಕ್ಕ ಏನ ಹೆಸರಿಡತಾರೋ ಏನೋ."

ಅತ್ಯಾ ಗಿಂಡಿಯನ್ನು ಕಟ್ಟೆಯ ಮೇಲಿಟ್ಟರು. ಸೆರಗು ಬಿಗಿದುಕೊಂಡು ನೇರವಾಗಿ ಪಡಸಾಲೆಗೆ ಹೋದರು. ಗಂಡಸರು ಕೂತಲ್ಲಿಗೆ ಅವರು ಸಾಮಾನ್ಯವಾಗಿ ಬರುತ್ತಿರಲಿಲ್ಲ. ಅಪ್ಪ, ಕಾಕಾ ಇಬ್ಬರೂ ಎದ್ದು ನಿಂತರು.

"ಮದರಾಸಿಗೆ ಯಾವಾಗ ಹೊಂಟೀರಿ?"

"ಸದ್ಯ ಬ್ಯಾಡ ಅಂತ ಮಾಡೇವಿ ಅಕ್ಕಾ," ಎಂದರು ಅಪ್ಪ.

"ಬ್ಯಾಡ ಅಂದರ? ಯಾವಾಗರೆ ಹೋಗೂದದನೋ ಇಲ್ಲೋ?"

"ಬೇಕಾದರ ಹೋಗೂದು..."

"ಹಂಗಾರ ಈಗ ಹೋಗ್ರಿ. ಹರಕಿ ಒಂದ ಸಲ. ಎರಡನೇ ಸಲ ಬೋಳಿಸಿದರ ಅದು ಹರಕಿ ಅಲ್ಲ. ಅದು ಏನಂತ ನನಗ ಗೊತ್ತದ, ನಿಮಗೂ ಗೊತ್ತದ. ನನ್ನ ತಮ್ಮ ಬದುಕಿರೂವಾಗ ಆಕಿ ತಲಿಗೆ ಎರಡನೇ ಸಲ ಕತ್ತಿ ಮುಟ್ಟಲಿಕ್ಕೆ ನಾ ಬಿಡೂದಿಲ್ಲ. ಕೂದಲ ಬರೂದರೊಳಗ ಕರಕೊಂಡು ಹೋಗಿ ಏನ ಮಾಡಸ್ತೀರೋ ಮಾಡಿಸಿಕೊಂಡು ಬರ್ರಿ."

ಕಾಕಾ, "ಅಮಾಸಿ ಆದರೂ ಮುಗೀಲಿ ಅಕ್ಕಾ," ಎಂದರು.

"ಕೂದಲ ಅಮಾಸಿ ನೋಡಿ ಬೆಳಿಯೂದಿಲ್ಲೋ. ನನ್ನ ಕೇಳು."

ಪ್ರತಿ ತಿಂಗಳು ಕ್ಷೌರಿಕನಿಗೆ ತಲೆ ಕೊಟ್ಟು ಬಂದ ಹೆಂಗಸಿನ ಎದುರು ಈ ವಿಷಯದಲ್ಲಿ ವಾದ ಮಾಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಸರ್ಜನ್ನರ ಮಾತು, ಎಕ್ಸ್‌ರೇ, ಕಪ್ಪು ಬಟ್ಟೆ, ನನ್ನ ಬಿ.ಎ. ಇವೆಲ್ಲ ಸೇರಿ ಕದಲಿಸಲಾಗದ ಅಪ್ಪನನ್ನು ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಕೂದಲು ಎಬ್ಬಿಸಿತು. ಸಂಜೆಗೆ ಅವರು ಆಸ್ಪತ್ರೆಗೆ ತಂತಿ ಕೊಟ್ಟರು, ಬರುತ್ತೇವೆ ಎಂದು. ನಾನು ಸಂತೋಷಪಡಬೇಕಾಗಿತ್ತು. ತಪ್ಪು ದಾರಿಯಿಂದ ಸರಿಯಾದ ಊರು ತಲುಪಿದವರ ಮೇಲೆ ಬರುವ ಸಿಟ್ಟೇ ಹೆಚ್ಚಾಗಿತ್ತು.

ಸ್ಟೇಷನ್ನಿಗೆ ಬಹಳ ಜನ ಬಂದರು. "ಪೂರಾ ಕಣ್ಣು ತಗೊಂಡು ಬರ್ರಿ ವೈನಿ," ಎಂದರು ಕಾಕಾ, ಪೇಟೆಗೆ ಹೊರಟವರಿಗೆ ಸಾಮಾನು ಹೇಳುವಂತೆ. ಅವ್ವ ಕಿಟಕಿಯಿಂದ ನೇರ ಎದುರಿಗಿದ್ದವರಿಗೆ ಮಾತ್ರ ಕೈಮುಗಿದಳು. ಬದಿಗೆ ನಿಂತವರು ಈ ಸಲವೂ ಸ್ವಲ್ಪ ಮುನಿಸಿಕೊಂಡಿರಬೇಕು.

ಮದರಾಸಿನಲ್ಲಿ ಶಸ್ತ್ರಕ್ರಿಯೆಯ ಹಿಂದಿನ ದಿನ ಒಬ್ಬ ನರ್ಸು ಬೋಗುಣಿ, ಸಾಬೂನು, ಕತ್ತಿ ಹಿಡಿದು ಬಂದಳು. ಆಗಲೇ ಬೋಳಿಸಿದೆ ಎಂದು ಅಪ್ಪ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಅವಳು ಬೆರಳಿನಿಂದ ಸವರಿ ನೋಡಿ, ಇದು ಸಾಲದು ಎಂದು ಎರಡನೆಯ ಸಲ ನುಣ್ಣಗೆ ಬೋಳಿಸಿ ಬೋಗುಣಿ ಎತ್ತಿಕೊಂಡು ಹೋದಳು. ಕತ್ತಿ ಆಡುವಷ್ಟು ಹೊತ್ತೂ ಅಪ್ಪ ಕಿಟಕಿಯ ಹತ್ತಿರ ನಿಂತಿದ್ದರು. ಆ ಕಿಟಕಿಯಿಂದ ಆಸ್ಪತ್ರೆಯ ಹಿಂಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಸರ್ಜನ್ನರು ಬಂದಾಗ ಅಪ್ಪ ನನ್ನನ್ನು ಬಿಟ್ಟು ತಾವೇ ಕೇಳಿದರು, ಅವಳಿಗೆ ಕಾಣುತ್ತದೆಯೇ ಎಂದು. ಸರ್ಜನ್ನರು ಉತ್ತರ ಹೇಳಿದರು. ಅಪ್ಪ ನನ್ನ ಕಡೆ ತಿರುಗಿ, "ಏನಂದರು?" ಎಂದರು. ಒಂದು ತಿಂಗಳ ಹಿಂದೆ ಹೇಳಿದ್ದ ಅದೇ ಮಾತನ್ನು ಹೇಳಿದೆ: "ಹೋದದ್ದು ಬರೂದಿಲ್ಲ. ಇದ್ದದ್ದು ಉಳೀಬಹುದು. ಜೀವದ ಖಾತ್ರಿ ಇಲ್ಲ."

ಅವರು ಬೆಂಚಿನ ಮೇಲೆ ಕುಳಿತರು. ಅವರ ಮುಖ ನೋಡಿ, ಈ ಮಾತು ಅವರಿಗೆ ಈಗ ಮೊದಲ ಸಲ ಕೇಳಿಸಿತು ಎಂದು ನನಗೆ ತಿಳಿಯಿತು. ಚಕ್ರದ ಮಂಚವನ್ನು ಒಳಗೆ ತಳ್ಳುವಾಗ ಅವ್ವ ಮೇಲಿನ ಛಾವಣಿಯನ್ನು ನೋಡುತ್ತಿದ್ದಳು. ನಾವಿಬ್ಬರೂ ಬದಿಗಿದ್ದೆವು. ಅಪ್ಪ ಸರಕ್ಕನೆ ಎದ್ದು ಹೋಗಿ, ಅವಳಿಗೆ ಕಾಣುವಂತೆ ಮುಖದ ಮೇಲೆ ಬಗ್ಗಿದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ನಾನು ಕೇಳಲೂ ಇಲ್ಲ.

ಅವ್ವ ಬದುಕಿದಳು. ಬಹಳ ದಿನ ಮಾತು ತಡವರಿಸಿತು, ಆಮೇಲೆ ಸರಿಹೋಯಿತು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಮೊದಲಿದ್ದಷ್ಟೇ, ಎದುರಿನ ಒಂದು ತುಂಡು, ಉಳಿಯಿತು. ಸರ್ಜನ್ನರು ತೃಪ್ತಿಯಿಂದ ತಲೆಯಾಡಿಸಿದರು. ಇದಕ್ಕಿಂತ ಹೆಚ್ಚಿನದನ್ನು ಅವರು ಹೇಳಿರಲೂ ಇಲ್ಲ.

ಕೊಪ್ಪಳದಲ್ಲಿ ಮಾತ್ರ ಯಾರಿಗೂ ತೃಪ್ತಿಯಾಗಲಿಲ್ಲ. ನೋಡಲು ಬಂದವರು ಅವಳ ತಲೆಗೆ ಸುತ್ತಿದ ಬಟ್ಟೆಯನ್ನೂ ಮುಚ್ಚಿಹೋದ ಕಣ್ಣನ್ನೂ ನೋಡಿ ತಮಗೇ ಮೋಸವಾದಂತೆ ಕುಳಿತಿರುತ್ತಿದ್ದರು. ಕಾಕಾ ಗಂಗಾವತಿಯಲ್ಲಿ, ಉಳಿದ ಒಂದು ಕಣ್ಣು ದೇವಿ ಕೊಟ್ಟದ್ದು, ಹೋದ ಒಂದು ಡಾಕ್ಟರರು ಕೆಡಿಸಿದ್ದು ಎಂದು ಹಂಚಿ ಹೇಳಿದರಂತೆ. ಯಲಬುರ್ಗಿಯಿಂದ ಬಂದ ನೆಂಟರ ಹೆಂಗಸೊಬ್ಬಳು ಅವ್ವನ ಎದುರಿಗೇ ಕುಳಿತು ಲೊಚಗುಟ್ಟಿದಳು.

"ಅಷ್ಟು ದೂರ ಹೋಗಿ, ತಲಿ ಒಡಿಸಿಕೊಂಡು ಬಂದು, ಇಷ್ಟ ಏನ್ರಿ?"

"ಇಷ್ಟಕ್ಕ ಹೋಗಿದ್ದೆ," ಎಂದಳು ಅವ್ವ.

ಆಕೆಗೆ ತಿಳಿಯಲಿಲ್ಲ. ಪಾಪ, ಬುದ್ಧಿಗೂ ಸ್ವಲ್ಪ ಪೆಟ್ಟಾಗಿದೆ ಎಂಬಂತೆ ನನ್ನ ಕಡೆ ನೋಡಿದಳು. ಅವ್ವ ಆಕೆಯನ್ನು ಅಲ್ಲೇ ಬಿಟ್ಟು ಎದ್ದಳು, ಚೌಕಟ್ಟನ್ನು ಎಡಗೈಯಿಂದ ಒಮ್ಮೆ ಮುಟ್ಟಿ ನೋಡಿ, ಒಬ್ಬಳೇ ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.